ಬಿಕ್ಕಲಂ

ಭಾವ ತೀರಿಕೊಂಡ ಐದನೇ ದಿನ ರಾತ್ರಿ ಹತ್ತೂವರೆ. ಕುಣಿಗಲ್ಲಿನ ಅಕ್ಕನ ಮನೆಯ ನಡುಮನೆಯಲ್ಲಿ, ಭಾವನ ಪ್ರಿಂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಅರವತ್ತು ಪತ್ರಿಕೆ ಬೇಕಾಗಿತ್ತು. ವಾಟ್ಸಾಪಿನಲ್ಲಿ ಊರಿಗೆಲ್ಲ ಹೋಗಿತ್ತು, ಅದು ಬೇರೆ ಮಾತು. ಗುಬ್ಬಿ ಕಡೆಯ ನಮ್ಮ ಹಿರಿಯರು ಕೈಗೆ ಕಾಗದ ಕೊಟ್ಟು ಕರೆಯದಿದ್ದರೆ ಬರುವವರಲ್ಲ. ಬೆಳಗ್ಗೆ ಆರಕ್ಕೆ ಹೊರಡಬೇಕು. ಅಂಗಡಿಗಳು ಬಾಗಿಲು ಹಾಕಿದ್ದವು.

ಭಾವ ಪತ್ರಬರಹಗಾರರು. ಉಪನೋಂದಣಾಧಿಕಾರಿ ಕಚೇರಿಯ ಹತ್ತಿರ ಮೂವತ್ತು ವರ್ಷಕ್ಕೂ ಮೇಲೆ ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದವರು. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಮಂಡಿ ನೋವು ಹೆಚ್ಚಾದ ಮೇಲೆ ಕಂಪ್ಯೂಟರನ್ನೂ ಈ ಕಪ್ಪು-ಬಿಳುಪು ಲೇಸರ್ ಪ್ರಿಂಟರನ್ನೂ ಮನೆಗೇ ತಂದುಕೊಂಡಿದ್ದರು. ಈಗ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತಿತ್ತು. ಅದು ಗೊತ್ತಿದ್ದವರು ಒಬ್ಬರೇ. ಅಕ್ಕನ ಹೆಸರು, ಮಗಳ ಹೆಸರು, ಮನೆದೇವರ ಹೆಸರು ಎಲ್ಲ ಹಾಕಿ ನೋಡಿದೆವು. ಯಾವುದೂ ಅಲ್ಲ. ಪ್ರಿಂಟರಿನ ಜೊತೆ ಬಂದಿದ್ದ ಸಿಡಿ ಎಲ್ಲಿದೆಯೋ ಶಿವನೇ ಬಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು, ಮಗ ಹಾಕಿಕೊಟ್ಟದ್ದು. ಆ ಪ್ರಿಂಟರು ಮಾಡಿದ ಕಂಪನಿ ಇದಕ್ಕೆ ಹೊಂದುವ ಡ್ರೈವರ್ ಕೊಟ್ಟೇ ಇರಲಿಲ್ಲ.

ಡ್ರೈವರ್ ಅಂದರೆ ಏನು ಅಂತ ಅಕ್ಕ ಕೇಳಿದಳು. ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಗೊತ್ತಾಗುವ ಮಾತಿಗೆ ತಿರುಗಿಸಿ ಹೇಳುವ ತಂತ್ರಾಂಶ, ದುಭಾಷಿ ಇದ್ದ ಹಾಗೆ ಅಂದೆ.

"ನಿಮ್ ಭಾವ ಇದ್ದಂಗೆ ಅನ್ನು" ಅಂದಳು.

ಅವಳು ಸುಮ್ಮನೆ ಅಂದದ್ದು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ಆ ಮನೆಯಲ್ಲಿ ಐದು ದಿನದಿಂದ ನಡೆಯುತ್ತಿದ್ದ ಜಗಳವೂ ಇದೇ: ನಡುವೆ ಒಬ್ಬ ಬೇಕೋ ಬೇಡವೋ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ವಚನ ಓದಿಕೊಂಡವಳು. ಅಪ್ಪನ ಮಣ್ಣಿನ ದಿನ ಅಯ್ನೋರು ಬಂದು ಕ್ರಿಯಾವಿಧಿ ಮಾಡಿದಾಗ ಹಲ್ಲು ಕಚ್ಚಿ ಸುಮ್ಮನಿದ್ದಳು. ಪತ್ರಿಕೆ ಬರೆಯುವಾಗ ಸುಮ್ಮನಿರಲಿಲ್ಲ. ನಮ್ಮಲ್ಲಿ ಪತ್ರಿಕೆಯಲ್ಲಿ ಒಂದು ಸಾಲು ಇರುತ್ತದೆ, ಇಂಥ ಅಯ್ನೋರ ಸಾನ್ನಿಧ್ಯದಲ್ಲಿ ಅಂತ. ಆ ಸಾಲು ಬೇಡ ಅಂದಳು. ಅಯ್ನೋರೇ ಬೇಡ ಅಂದಳು.

"ಬಸವಣ್ಣ ಎಂಟ್ನೂರು ವರ್ಷದ ಹಿಂದೆನೇ ಲಿಂಗನ ಅಂಗೈ ಮೇಲೆ ಇಟ್ರು. ನಡುವಿನೋರು ಬೇಡ ಅಂತ ತಾನೆ ಮಾವ? ಮತ್ತೆ ನಾವ್ಯಾಕೆ ಅವ್ರನ್ನ ಕರ್ಕೊಂಡು ಬಂದು ಕೂರಿಸ್ತೀವಿ?"

"ಜನ ಏನಂತಾರೋ ಅಂತ ನಾನು ಹೇಳ್ತಿಲ್ಲ ಕಣೋ" ಅಂತ ಅಕ್ಕ ನನ್ನ ಕಡೆ ತಿರುಗಿದಳು. "ನಿಮ್ ಭಾವ ಜನ್ಮದಲ್ಲಿ ಒಬ್ರೇ ಎಲ್ಲೂ ಹೋದೋರಲ್ಲ. ಯಡಿಯೂರಿಗೆ ಹೋಗ್ಬೇಕಾದ್ರೂ ಜೊತೆಗೊಬ್ರು ಬೇಕಿತ್ತು. ಈಗ ಒಬ್ರನ್ನೇ ಕಳಿಸು ಅಂದ್ರೆ ಹೆಂಗೆ?"

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ವರ್ಷ ವರ್ಷವೂ ಹುಡುಗರಿಗೆ ವಚನ ಹೇಳಿಕೊಟ್ಟಿದ್ದೇನೆ. ದೇವರಿಗೂ ಭಕ್ತನಿಗೂ ನಡುವೆ ಪೂಜಾರಿ ಬೇಡವೆಂದು ಶರಣರು ಹೇಳಿದರು ಅಂತ ಕರಿಹಲಗೆಯ ಮೇಲೆ ಬರೆದಿದ್ದೇನೆ, ಐದು ಅಂಕದ ಪ್ರಶ್ನೆ ಮಾಡಿದ್ದೇನೆ. ಸೊಸೆಯಂಥ ಹುಡುಗಿ ಅದನ್ನೇ ನನಗೆ ತಿರುಗಿಸಿ ಹೇಳಿದಾಗ ಬಾಯಿ ಕಟ್ಟಿತು. ಆ ಸಾಲಿನ ಜಾಗ ಖಾಲಿ ಬಿಟ್ಟು, ಮೊದಲು ಪ್ರಿಂಟರ್ ಕೆಲಸ ಮಾಡುತ್ತದೋ ನೋಡೋಣ ಅಂದೆ. ಹೇಡಿತನ ಅನ್ನಿ, ಇರಲಿ.

ಮೊದಲ ಒಂದು ಗಂಟೆ ದಂಡ. ಲ್ಯಾಪ್‌ಟಾಪಿಗೆ ಪ್ರಿಂಟರು ಕಾಣಿಸಲೇ ಇಲ್ಲ. ಸಿಟ್ಟು ಬಂದು, ಪಟ್ಟಿಯಲ್ಲಿ ಇದಕ್ಕೆ ಹತ್ತಿರದ ಹೆಸರಿನ ಮಾದರಿ ಯಾವುದೋ ಇತ್ತು, ಅದರ ಡ್ರೈವರನ್ನೇ ಆರಿಸಿ, ಪ್ರಿಂಟರಿನ ವೈರನ್ನು ಲ್ಯಾಪ್‌ಟಾಪಿಗೇ ಸಿಕ್ಕಿಸಿ ಕಳಿಸಿದೆ. ಕೊನೆಗೂ ಅದು ಮಾತಾಡಿತು! ಒಂದಾದ ಮೇಲೊಂದು ಹಾಳೆ ಹೊರಗೆ ಬಂತು. ಹಾಳೆಗೊಂದೇ ಸಾಲು, ಆ ಸಾಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು. ವೈರು ಕೀಳುವಷ್ಟರಲ್ಲಿ ಇಪ್ಪತ್ತು ಹಾಳೆ ಹೋಗಿದ್ದವು. ತಪ್ಪು ದುಭಾಷಿಗಿಂತ ದುಭಾಷಿ ಇಲ್ಲದಿರುವುದೇ ವಾಸಿ ಅಂತ ಅಕ್ಕನ ಮಗಳು ನಕ್ಕಳು. ಐದು ದಿನದಲ್ಲಿ ಮೊದಲ ಸಲ ನಕ್ಕದ್ದು.

ವೈಫೈನಲ್ಲಿ ಕಾಣಿಸದೆ ಇದ್ದದ್ದಕ್ಕೆ ಕಾರಣ ಪ್ರಿಂಟರಲ್ಲ, ನಾನು. ಮನೆಗೆ ಬಂದ ನೆಂಟರಿಗೆಲ್ಲ ಅವಳು ಕೊಟ್ಟಿದ್ದು ವೈಫೈನ ಅತಿಥಿ ಜಾಲದ ಪಾಸ್‌ವರ್ಡು. ಅತಿಥಿಗಳಿಗೆ ಇಂಟರ್ನೆಟ್ ಸಿಗುತ್ತದೆ, ಒಳಮನೆ ಕಾಣುವುದಿಲ್ಲ. ನಾನು ಜಗಲಿಯಲ್ಲಿ ಕೂತು ಅಡುಗೆಮನೆಯವರನ್ನು ಹುಡುಕುತ್ತಿದ್ದ ಹಾಗಾಗಿತ್ತು. ಮನೆಯ ಜಾಲಕ್ಕೆ ಬದಲಾಯಿಸಿಕೊಂಡೆ. ಅರ್ಧ ನಿಮಿಷದಲ್ಲಿ ಪ್ರಿಂಟರಿನ ಹೆಸರು ತಾನಾಗಿಯೇ ಬಂದು ಕೂತಿತು.

ಇದು ನಡೆಯುವ ರೀತಿ ಚೆನ್ನಾಗಿದೆ. ಲ್ಯಾಪ್‌ಟಾಪು 224.0.0.251 ಎಂಬ ವಿಳಾಸಕ್ಕೆ ಒಂದು ಕೂಗು ಹಾಕುತ್ತದೆ. ಅದು ಯಾರೊಬ್ಬರ ವಿಳಾಸವೂ ಅಲ್ಲ. ಕಿವಿಗೊಟ್ಟವರೆಲ್ಲ ಕೇಳಿಸಿಕೊಳ್ಳಲಿ ಅಂತ ಇರುವುದು, ಹಟ್ಟಿಯ ಬಾಗಿಲಲ್ಲಿ ನಿಂತು "ಯಾರಾದ್ರೂ ಇದ್ದೀರಾ" ಅಂದ ಹಾಗೆ. ಪ್ರಿಂಟರು ಓಗೊಡುತ್ತದೆ. ಆಮೇಲೆ ಲ್ಯಾಪ್‌ಟಾಪು ಕೆಲಸ ಹೇಳುವ ಮೊದಲು ಕೇಳುತ್ತದೆ: ನಿನ್ನಲ್ಲಿ ಏನೇನಿದೆ? ಪ್ರಿಂಟರು ಒಂದೊಂದಾಗಿ ಹೇಳುತ್ತದೆ: ಎ4 ಇದೆ, ಲೀಗಲ್ ಇದೆ, ಬಣ್ಣ ಇಲ್ಲ, ಅಂಗುಲಕ್ಕೆ 600 ಚುಕ್ಕಿ, ಎರಡೂ ಮಗ್ಗುಲು ತಾನಾಗಿ ಮುದ್ರಿಸಲು ಬಾರದು, ಇಂತಿಂಥ ರೂಪದಲ್ಲಿ ಕಳಿಸಿದರೆ ತೆಗೆದುಕೊಳ್ಳುತ್ತೇನೆ. ಲ್ಯಾಪ್‌ಟಾಪು ಪುಟವನ್ನು ಆ ಪ್ರಕಾರ ಚಿತ್ರ ಮಾಡಿ ಕೊಡುತ್ತದೆ. ಪ್ರಿಂಟರಿಗೆ ಕನ್ನಡ ಬರಬೇಕಾಗಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವತ್ತು ಎಲ್ಲಿ ಬರಬೇಕು ಎಂಬುದು ಲ್ಯಾಪ್‌ಟಾಪಿನಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮಪ್ಪ ಗುಬ್ಬಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಚನ್ನಬಸವೇಶ್ವರನ ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ಲು. 1884ರಲ್ಲಿ ಕಟ್ಟಿದ ನಾಟಕ ಕಂಪನಿಯಿಂದ ಹೆಸರಾದ ಊರು, ಹ್ಯಾಂಡ್‌ಬಿಲ್ಲಿಗೆ ಬರವಿರಲಿಲ್ಲ. ಅಕ್ಷರದ ಕೇಸಿನಲ್ಲಿ ಒತ್ತಿನ ಮೊಳೆ ಮುಗಿದರೆ ಅಪ್ಪ ಸಾಲನ್ನೇ ಬೇರೆ ಥರ ಬರೆದುಬಿಡುತ್ತಿದ್ದರು. ಮೊಳೆಯನ್ನು ಅವರು ಉಲ್ಟಾ ಓದುತ್ತಿದ್ದರು, ಬಲದಿಂದ ಎಡಕ್ಕೂ ನಮ್ಮಷ್ಟೇ ಬೇಗ. ಯಾರ ಲಗ್ನಪತ್ರಿಕೆಯ ಮೇಲೂ ಅವರ ಹೆಸರು ಬರಲಿಲ್ಲ. ಇದು ಯಾಕೆ ನೆನಪಾಯಿತೋ.

ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ಅಂತ, ಲ್ಯಾಪ್‌ಟಾಪಿನದೇ ಮುದ್ರಣದ ಪುಟ ತೆರೆದೆ. ಇಪ್ಪತ್ತು ಹಾಳೆ ಕೆಡಿಸಿದ ಹಳೆಯ ನಮೂದನ್ನು ಅಳಿಸಿದೆ. ಹೊಸದಾಗಿ ಸೇರಿಸುವಾಗ ತಯಾರಕರ ಹೆಸರಿನ ಉದ್ದದ ಪಟ್ಟಿಯನ್ನೆಲ್ಲ ಬಿಟ್ಟು, ಮಾದರಿ ಎನ್ನುವ ಕಡೆ, ಕಂಪನಿಯ ಡ್ರೈವರ್ ಬೇಡದ ಐಪಿಪಿ ಎವರಿವೇರ್ ಆರಿಸಿದೆ. ಹೆಸರು ಕೊಡು ಅಂತ ಕೇಳಿತು. ಆ ಮಾತಿಗೆ ಆಮೇಲೆ ಬರುತ್ತೇನೆ. ಪರೀಕ್ಷೆಗೆ ಒಂದು ಹಾಳೆ ಕಳಿಸಿದೆ. ಪ್ರಿಂಟರು ಮೂರು ಸಲ ಮಿಣುಕಿ, ಗುರ್ ಅಂತ ಸದ್ದು ಮಾಡಿ, ಭಾವನ ಹೆಸರಿದ್ದ ಹಾಳೆಯನ್ನು ಹೊರಗೆ ಹಾಕಿತು. "ಲಿಂಗೈಕ್ಯರಾದ" ಎಂಬ ಪದದ ಐತ್ವ ಕೂಡ ಸರಿಯಾಗಿ ಕೂತಿತ್ತು.

"ನೋಡಿದ್ರಾ ಮಾವ" ಅಂದಳು ಅಕ್ಕನ ಮಗಳು. "ಡ್ರೈವರ್ ಇಲ್ದೆನೇ ಆಯ್ತು."

ಗೆದ್ದಳು ಅನ್ನಿಸಿತು. ಅವಳ ವಾದಕ್ಕೆ ಬಲವಾಗುವ ಕಥೆಯೂ ನನಗೆ ಗೊತ್ತು, ಮಗ ಹೇಳಿದ್ದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರು ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವ ಹಾಗೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್ಮನ್ ತಿದ್ದಿಕೊಂಡಿದ್ದ. ಹೊಸದರ ತಂತ್ರಾಂಶದ ಮೂಲಬರಹ ಕೈಗೆ ಸಿಗಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಹತ್ತಿರ ಇದೆ ಅಂತ ಹೋಗಿ ಕೇಳಿದ. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಅಂದರು. ಸ್ಟಾಲ್ಮನ್ ಆ ಸಿಟ್ಟು ಮರೆಯಲಿಲ್ಲ. 1983ರಲ್ಲಿ ಗ್ನೂ ಯೋಜನೆ ಸಾರಿದ. ನನ್ನ ಲ್ಯಾಪ್‌ಟಾಪಿನೊಳಗೂ ಆ ಗ್ನೂ ಇದೆ. ಗುಟ್ಟು ಇಟ್ಟುಕೊಂಡ ಮಧ್ಯವರ್ತಿ ಎಂಥ ಕಾಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ. (ನಮ್ಮಲ್ಲಿ ಝೆರಾಕ್ಸ್ ಅಂದರೆ ನಕಲು ಅಂತಲೇ ಅರ್ಥ, ನಕಲು ಕೊಡುವುದಿಲ್ಲ ಅಂದದ್ದೂ ಅದರದೇ ವಿಷಯದಲ್ಲಿ.)

ಆದರೂ ಮನಸ್ಸು ಒಪ್ಪಲಿಲ್ಲ. ನಡುವಿನವನು ನಿಜವಾಗಿ ಹೋದನೇ? ಲ್ಯಾಪ್‌ಟಾಪಿನಲ್ಲಿ ಮುದ್ರಣದ ಕೆಲಸ ಹೊತ್ತಿರುವ ಕಪ್ಸ್ ಎಂಬ ತಂತ್ರಾಂಶವನ್ನು ಮೈಕೆಲ್ ಸ್ವೀಟ್ ಎಂಬಾತ 1999ರಲ್ಲಿ ಹೊರತಂದ. 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. ಫೋನಿನಲ್ಲಿ ನೂರಾರು ಕಂಪನಿಗಳ ಡ್ರೈವರ್ ತುಂಬಲಾಗದು ಎಂಬ ಕಾರಣಕ್ಕೇ 2010ರಲ್ಲಿ ಏರ್‌ಪ್ರಿಂಟ್ ಬಂತು. 2013ರಲ್ಲಿ ಪ್ರಿಂಟರ್ ಕಂಪನಿಗಳೇ ಕೂಡಿರುವ ಒಂದು ಗುಂಪು ಐಪಿಪಿ ಎವರಿವೇರ್ ಎಂಬ ಒಪ್ಪಂದ ಬರೆಯಿತು. ಅದನ್ನು ಯಾರು ಬೇಕಾದರೂ ಓದಬಹುದು. ಅಂದರೆ ಇಷ್ಟು ಜನ ನಡುವೆ ಇದ್ದಾರೆ. ಹೋದದ್ದು ಅವರಲ್ಲ, ಅವರ ಗುಟ್ಟು. ಯಾವ ಪ್ರಿಂಟರಿಗೆ ಯಾವ ಮಂತ್ರ ಎಂಬುದು ಮೊದಲು ಆಯಾ ಕಂಪನಿಯ ಡ್ರೈವರಿಗೆ ಮಾತ್ರ ಗೊತ್ತಿತ್ತು. ಈಗ ಪ್ರಿಂಟರೇ ಎಲ್ಲರ ಮಾತು ಕಲಿತಿದೆ.

ಶರಣರು ಮಾಡಿದ್ದೂ ಇದನ್ನೇ ಅಲ್ಲವೇ ಅಂತ ಆ ರಾತ್ರಿ ಹೊಳೆಯಿತು. ಇಷ್ಟು ವರ್ಷ ನಾನು ಹಲಗೆಯ ಮೇಲೆ ಬರೆದದ್ದು ಅರ್ಧ ಮಾತ್ರ. ಅಷ್ಟಾವರಣದಲ್ಲಿ ಮೊದಲನೆಯದು ಗುರು, ಎರಡನೆಯದು ಲಿಂಗ, ಮೂರನೆಯದು ಜಂಗಮ. ಲಿಂಗದ ಆಚೆಗೊಬ್ಬ, ಈಚೆಗೊಬ್ಬ. ನಡುವಿನವರನ್ನು ಪೂರ್ತಿ ತೆಗೆದುಹಾಕಿದವರು ಹೀಗೆ ಎಣಿಸುತ್ತಿರಲಿಲ್ಲ. ದೀಕ್ಷೆಯ ದಿನ ಗುರು ಲಿಂಗವನ್ನು ಅಂಗೈಯಲ್ಲಿಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಎದ್ದು ಹೋಗುತ್ತಾನೆ. ಮಾರನೇ ದಿನದ ಪೂಜೆಗೆ ಅವನನ್ನು ಕಾಯಬೇಕಾಗಿಲ್ಲ. ಅವರು ಓಡಿಸಿದ್ದು ಎದ್ದು ಹೋಗದೆ ಬಾಗಿಲಲ್ಲೇ ಕೂತವನನ್ನು, ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿ ಅರ್ಥ ತನ್ನಲ್ಲೇ ಇಟ್ಟುಕೊಂಡವನನ್ನು. ಅದಕ್ಕೇ ಕನ್ನಡದಲ್ಲಿ ಹೇಳಿದರು.

ಇದನ್ನೆಲ್ಲ ಅವಳಿಗೆ ಹೇಳಿದೆ. ಸುಲಭಕ್ಕೆ ಒಪ್ಪುವ ಹುಡುಗಿಯಲ್ಲ. "ಹಂಗಾದ್ರೆ ಅಪ್ಪ ಎದ್ದು ಹೋಗ್ತಿದ್ರಾ?" ಅಂದಳು.

ಭಾವನ ಕಡೆಯ ಎರಡು ವರ್ಷ ಇದೇ ಕೊರಗಿನಲ್ಲಿ ಕಳೆದವು. 2023ರಲ್ಲಿ ಕಾವೇರಿ 2.0 ಬಂತು. ನೋಂದಣಿಗೆ ಬೇಕಾದ್ದನ್ನೆಲ್ಲ ಜನ ಮನೆಯಿಂದಲೇ ತುಂಬಿ, ಪತ್ರವನ್ನು ತಾವೇ ಏರಿಸಬಹುದು. ಇನ್ನು ನಮ್ಮ ಕಾಲ ಮುಗೀತು ಬಿಡಪ್ಪ ಅಂತ ಭಾವ ಹೇಳುತ್ತಿದ್ದರು. ಆದರೆ ಜನ ಬರುವುದು ನಿಲ್ಲಲಿಲ್ಲ. ಒಂದು ಸಲ ನಾನು ಇಲ್ಲೇ ಕೂತಿದ್ದಾಗ ಅಣ್ಣತಮ್ಮಂದಿರು ಇಬ್ಬರು ವಿಭಾಗಪತ್ರಕ್ಕೆ ಬಂದಿದ್ದರು. ಭಾವ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಚೆಕ್ಕುಬಂದಿ ಬಂದಾಗ ನಿಧಾನ ಮಾಡಿದರು: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಹಳ್ಳ. ದಕ್ಷಿಣಕ್ಕೆ ಬಂದಾಗ ತಮ್ಮ ತಡೆದ. ಅಲ್ಲಿರುವ ಎರಡು ತೆಂಗಿನಮರ ಯಾರಿಗೆ ಅಂತ ಮಾತೇ ಆಗಿರಲಿಲ್ಲ. ಭಾವ ಪೆನ್ನು ಕೆಳಗಿಟ್ಟು, "ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ, ನಾನು ಬರೆಯೋದು ಆಮೇಲೆ" ಅಂದರು. ಆ ಇಬ್ಬರೂ ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದರು. ಯಾವ ಅರ್ಜಿಯ ಚೌಕವೂ ಆ ತೆಂಗಿನಮರದ ವಿಷಯ ಕೇಳುವುದಿಲ್ಲ.

ಇನ್ನೊಂದಿದೆ. ಪತ್ರದ ಕೊನೆಗೆ, ಸಾಕ್ಷಿಗಳ ರುಜು ಆದ ಮೇಲೆ, ಒಂದು ಮೂಲೆಯಲ್ಲಿ "ಬಿಕ್ಕಲಂ" ಅಂತ ಬರೆದು ಬರೆದವರು ರುಜು ಹಾಕುತ್ತಾರೆ. ಪಾರಸಿಯಿಂದ ಬಂದ ಮಾತು: ಇಂಥವರ ಕಲಮಿನಿಂದ ಅಂತ. ಆಸ್ತಿ ಅವರದಲ್ಲ, ದುಡ್ಡು ಅವರದಲ್ಲ, ತಕರಾರೂ ಅವರದಲ್ಲ. ಆದರೆ ನಾಳೆ ವ್ಯಾಜ್ಯವಾದರೆ ಕೋರ್ಟಿಗೆ ಬಂದು, ಹೌದು ಸ್ವಾಮಿ, ಇದು ನನ್ನ ಬರಹ, ಓದಿ ಹೇಳಿದ್ದೇನೆ ಅನ್ನಬೇಕು. ಭಾವ ಹೀಗೆ ಕಟಕಟೆ ಹತ್ತಿದವರೇ. ನಡುವೆ ನಿಂತೆ, ಕದ್ದು ನಿಂತಿಲ್ಲ ಅನ್ನುವುದಕ್ಕೆ ಆ ಒಂದು ಪದ.

ಅಕ್ಕನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಒಂದೂವರೆಗೆ ಕಾಫಿ ಮಾಡಿಕೊಂಡು ಬಂದು, "ಆ ಸಾಲು ಹಾಕಿ ಮಾವ" ಅಂದಳು. "ಆದ್ರೆ ಬರೀ ಅಯ್ನೋರು ಅಂತ ಬೇಡ. ಅವ್ರ ಪೂರ್ತಿ ಹೆಸರು, ಊರು ಎಲ್ಲ ಇರ್ಲಿ. ಯಾರು ಬಂದಿದ್ರು ಅಂತ ಗೊತ್ತಾಗ್ಬೇಕು." ಅಕ್ಕನಿಗೆ ಇದರಲ್ಲಿ ಅಷ್ಟೊಂದು ಯೋಚಿಸುವಂಥದ್ದು ಏನಿತ್ತು ಅಂತ ಅರ್ಥವಾಗಲಿಲ್ಲ. ಅವರ ಹೆಸರು ಊರಿಗೆಲ್ಲ ಗೊತ್ತಲ್ಲ ಅಂದಳು.

ಬೆಳಗ್ಗೆ ಹೆಬ್ಬೂರಿನ ಮೇಲೆ ತುಮಕೂರಿಗೆ ಹೊರಟೆವು. ಅವಳೇ ಕಾರು ಓಡಿಸುತ್ತಿದ್ದಳು. ಗೂಳೂರು ಬಂದಾಗ ನಿಲ್ಲಿಸಲು ಹೇಳಿದೆ. ದೊಡ್ಡ ಗಣಪನಿಗೆ ಹೆಸರಾದ ಊರು, ಎಲ್ಲರಿಗೂ ಅಷ್ಟೇ ನೆನಪು. ಶೂನ್ಯಸಂಪಾದನೆಯನ್ನು ಕಡೆಯ ಸಲ ಪರಿಷ್ಕರಿಸಿ ಜೋಡಿಸಿದ ಸಿದ್ಧವೀರಣ್ಣೊಡೆಯರ ಹೆಸರಿನ ಹಿಂದೆ ಇರುವುದೂ ಇದೇ ಗೂಳೂರು. ಅವರು ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಯವರು. ಆ ಸಿದ್ಧಲಿಂಗರು ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಯಡಿಯೂರಿನಲ್ಲಿ ನಿಂತವರು. 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತ ಅವರದು. ಕಲ್ಯಾಣ ಚದುರಿ ಮುನ್ನೂರು ವರ್ಷದ ಮೇಲೆ, ಓಲೆಗರಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದ ವಚನಗಳನ್ನು ಹುಡುಕಿ, ಹೊಂದಿಸಿ, ಪ್ರತಿ ಮಾಡಿದವರಲ್ಲಿ ನಮ್ಮ ಈ ಸೀಮೆಯವರ ಪಾಲು ದೊಡ್ಡದು. ಆಮೇಲೆ ಓಲೆಗರಿಯಿಂದ ಅಚ್ಚಿಗೆ ತಂದವರು ಫ. ಗು. ಹಳಕಟ್ಟಿ. 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು. 1925ರಲ್ಲಿ ಇದ್ದ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು.

ನಡುವಿನವರು ಬೇಡ ಅಂತ ಬಸವಣ್ಣ ಹೇಳಿದ್ದು ನಿನಗೆ ಗೊತ್ತಾದದ್ದು ಇಷ್ಟು ಜನ ನಡುವೆ ಇದ್ದದ್ದರಿಂದ ಅಂದೆ.

"ಮೇಷ್ಟ್ರು ಮಾತು" ಅಂದು ಗೇರ್ ಹಾಕಿದಳು. ಒಪ್ಪಿದಳೋ ಇಲ್ಲವೋ ಇವತ್ತಿಗೂ ಹೇಳಿಲ್ಲ. ಅವಳ ಕಡೆಗೂ ನ್ಯಾಯವಿದೆ. ಲಿಂಗವನ್ನು ಅಂಗೈಗೆ ತಂದ ಪರಂಪರೆಯ ಗದ್ದುಗೆಯ ಮುಂದೆಯೇ ಈಗ ನಾವು ಸಾಲಿನಲ್ಲಿ ನಿಂತು, ಮಂಗಳಾರತಿ ತಟ್ಟೆ ನಮ್ಮ ಹತ್ತಿರ ಬರಲಿ ಅಂತ ಕಾಯುತ್ತೇವೆ. ನಾನೂ ಕಾದಿದ್ದೇನೆ.

ತುಮಕೂರು ದಾಟಿ, ಬಿ.ಎಚ್. ರಸ್ತೆ ಹಿಡಿದು ಗುಬ್ಬಿ ತಲುಪಿದಾಗ ಎಂಟೂವರೆ. ನಮ್ಮ ದೊಡ್ಡಪ್ಪನಿಗೆ ತೊಂಬತ್ತು ದಾಟಿದೆ. ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಅಯ್ನೋರ ಹೆಸರು ಓದಿದರು. "ಇವ್ರಪ್ಪನೇ ಅಲ್ವ ನಮ್ ಅಪ್ಪಂಗೆ ಮಾಡಿದ್ದು" ಅಂದರು. ಆಮೇಲೆ ಹೆಬ್ಬೆರಳಿನಿಂದ ಅಕ್ಷರಗಳನ್ನು ಉಜ್ಜಿ ನೋಡಿ, "ಒತ್ತು ಚೆನ್ನಾಗಿ ಕೂತಿದೆ. ಯಾವ ಪ್ರೆಸ್ಸು?" ಅಂತ ಕೇಳಿದರು.

ಹನ್ನೊಂದನೇ ದಿನ ಅಯ್ನೋರು ಬಂದರು. ಅಕ್ಕನ ಮಗಳು ನೇರವಾಗಿಯೇ ಕೇಳಿದಳು: ನೀವು ಬರದಿದ್ದರೆ ಏನಾಗುತ್ತಿತ್ತು? ಅವರು ವಿಭೂತಿಯ ಕೈ ಒರೆಸಿಕೊಳ್ಳುತ್ತ, "ಮಣ್ಣೇನು ಬೇಡ ಅನ್ನಲ್ಲ ತಾಯಿ. ನಿಮ್ ಅಮ್ಮ ರಾತ್ರಿ ಮಲಗ್ತಿರ್ಲಿಲ್ಲ, ಅಷ್ಟೆ" ಅಂದರು. ಪ್ರಸಾದ ಮುಗಿಸಿ, ಬಸ್ಸಿನ ಹೊತ್ತಾಯಿತು ಅಂತ ಎದ್ದು ಹೋದರು.

ಭಾವನ ಕಂಪ್ಯೂಟರು ಇನ್ನೂ ತೆರೆದಿಲ್ಲ. ಅದರೊಳಗೆ ಎಷ್ಟು ಜನರ ಚೆಕ್ಕುಬಂದಿ ಇದೆಯೋ. ಪ್ರಿಂಟರು ನಡುಮನೆಯಲ್ಲೇ ಇದೆ. ಅದರ ವಿಳಾಸ ಬದಲಾಗದ ಹಾಗೆ ರೌಟರಿನಲ್ಲಿ ಗೊತ್ತುಮಾಡಿ ಬಂದಿದ್ದೇನೆ. ಆ ರಾತ್ರಿ ಲ್ಯಾಪ್‌ಟಾಪು ಹೆಸರು ಕೇಳಿದಾಗ, ನಡುವೆ ಜಾಗ ಬಿಡಬಾರದು ಅಂತಲೂ ಹೇಳಿತ್ತು. ಒಂದೇ ಪದ ಸಾಕಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಿ "ಬಿಕ್ಕಲಂ" ಅಂತ ಹಾಕಿದೆ. ಈಗಲೂ ಏನಾದರೂ ಮುದ್ರಿಸಲು ಹೋದರೆ ಪಟ್ಟಿಯಲ್ಲಿ ಮೊದಲು ಕಾಣುವ ಹೆಸರು ಅದೇ. ಟೋನರ್ ಮುಗಿಯುತ್ತ ಬಂದಿದೆ. ಮುಂದಿನ ಸಲ ಕುಣಿಗಲ್ಲಿಗೆ ಹೋಗುವಾಗ ತುಮಕೂರಿನಿಂದಲೇ ಒಯ್ಯಬೇಕು.